ಅಕ್ಕಿ ಖೋಲ್ಯಾಗಿನ ಕಂಪ್ಯೂಟರ್

ಉಡಚಪ್ಪನ್ನ ಬೈದಷ್ಟು ನಾ ನನ್ನ ಗಂಡನ್ನೂ ಬೈದಿಲ್ಲರಿ. ಹಂಗಂತ ಅವ ಕೆಟ್ಟಾಂವ ಅಲ್ಲ. ಆದ್ರ ನಿಮ್ಮ ಅಕ್ಕಿ ಚೀಲದ ಬಾಜು ಯಾರರ ಒಂದು ಕರೀ ಡಬ್ಬಿ ತಂದಿಟ್ಟು, "ಅಕ್ಕಾರ, ಇದಕ್ಕ ಹಬಿ ತಾಕಬಾರದ್ರಿ, ನೀರು ಸಿಡೀಬಾರದ್ರಿ, ಇಲಿ ಬರಬಾರದ್ರಿ" ಅಂದ್ರ ನೀವು ಸುಮ್ಮನಿರ್ತೀರೇನು?

ನಾ ಸುಶೀಲವ್ವ. ಯರಗುಪ್ಪಿ ಹಾದಿ ಮ್ಯಾಲಿನ ನಮ್ಮೂರ ಸಾಲ್ಯಾಗ ಹದಿನೆಂಟು ವರ್ಷದಿಂದ ಬಿಸಿಯೂಟ ಮಾಡಾಕಿ. ಉಡಚಪ್ಪ ಅದ ಸಾಲ್ಯಾಗ ಕಂಪ್ಯೂಟರ್ ಖೋಲಿ ನೋಡ್ಕೊಳ್ಳಾಂವ. ಮೊದಲು ಮೋಟರ್ ರಿಪೇರಿ ಮಾಡ್ತಿದ್ದ. ಹನ್ನೊಂದು ವರ್ಷದ ಹಿಂದ ಹೆಡ್‌ಮಾಸ್ತರ್ ಸಂಗನಬಸವ ಸರ್ "ಸದ್ಯಕ್ಕ ಬಾ" ಅಂತ ಕರದ್ರು. ಆ ಸದ್ಯ ಅನ್ನೂದು ಇನ್ನೂ ಮುಗದಿರಲಿಲ್ಲ, ಹಾಜರಿ ಪುಸ್ತಕದಾಗ ಅವನ ಹೆಸರೂ ಹತ್ತಿರಲಿಲ್ಲ.

ಸಾಲ್ಯಾಗ ಇದ್ದಾವು ಒಂಬತ್ತು ಕಂಪ್ಯೂಟರ್. ಎಂಟು ಖೋಲ್ಯಾಗ, ಒಂದು ಹೆಡ್‌ಮಾಸ್ತರ ಟೇಬಲ್ ಮ್ಯಾಲೆ. ವಯಸ್ಸಾಗಿ ಒಂಬತ್ತರದೂ ಹೊಟ್ಟಿ ಸತ್ತು ಹೋತು, ಸ್ಕ್ರೀನ್ ಅಷ್ಟ ಉಳದ್ವು. ಹೊಸಾವು ಕೇಳಿ ಬರದ ಕಾಗದಕ್ಕ ಉತ್ತರ ಬರಲಿಲ್ಲ. ಅವಾಗ ಈ ಉಡಚಪ್ಪ ಮೊಬೈಲ್ ನೋಡಿ ನೋಡಿ ತನಗ ತಾನ ಲಿನಕ್ಸ್ ಅನ್ನೂ ಕಂಪ್ಯೂಟರ್ ವಿದ್ಯಾ ಕಲ್ತ. ಯಾರೋ ಪುಣ್ಯಾತ್ಮರು ಒಂದು ಗಟ್ಟಿ ಕಂಪ್ಯೂಟರ್ ಕೊಟ್ರು, ಅದಕ್ಕ ಸ್ಕ್ರೀನ್ ಇರಲಿಲ್ಲ. ಸಾಲ್ಯಾಗ ಗಟ್ಟಿ ಕೀಲಿ ಇದ್ದದ್ದು ನನ್ನ ಅಕ್ಕಿ ಖೋಲಿಗೊಂದ. ಅಲ್ಲೇ ಇಟ್ಟು, ಗ್ವಾಡಿ ಕೊರದು, ಒಂಬತ್ತಕ್ಕೂ ವೈರ್ ಎಳದ.

"ಚಿತ್ರ ಬರಿಯೂದು, ಲೆಕ್ಕ ಮಾಡೂದು ಎಲ್ಲಾ ಈ ಡಬ್ಬ್ಯಾಗ ನಡೀತೈತ್ರಿ. ಆ ಒಂಬತ್ತರಾಗ ಬರೇ ಕಾಣಸ್ತೈತಿ" ಅಂದ.

"ಅಂದ್ರ ಅಡಿಗಿ ಇಲ್ಲೆ, ತಾಟು ಅಲ್ಲೆ ಅನ್ನು" ಅಂದ್ನಿ.

"ಅಗದಿ ಹಂಗ ನೋಡ್ರಿ ಅಕ್ಕಾರ!" ಅಂತ ಕುಣದಾಡಿದ, ನಲವತ್ತಾರು ವರ್ಷದ ಗಂಡಸು.

ಒಮ್ಮೆ ಮಾತ್ರ ಎಡವಟ್ಟು ಮಾಡ್ಕೊಂಡ. ಯಾವ ಪ್ರೋಗ್ರಾಂ ಯಾವ ಸ್ಕ್ರೀನಿಗೆ ಹೋಗಬೇಕು ಅಂತ ನಂಬರ್ ಬರೀಬೇಕಂತ. ಅನ್ನಪೂರ್ಣಾ ಅನ್ನೂ ಹುಡಿಗಿ ಹಿಂದಿನ ದಿನ ಬರದಿಟ್ಟ ಚಿತ್ರ ತೆಗದು ಕೊಡೂಮುಂದ ಎಂಟರ ಬದ್ಲಿ ಒಂಬತ್ತು ಬರದ. ಒಂಬತ್ತು ಅಂದ್ರ ಹೆಡ್‌ಮಾಸ್ತರ ಟೇಬಲ್. ಅವರು ಪಾಲಕರಿಗೆ ಶಿಸ್ತಿನ ಬಗ್ಗೆ ಹೇಳಾಕತ್ತಾರ, ಬಾಜು ಸ್ಕ್ರೀನಿನ್ಯಾಗ ಅವರದ ಮೀಸಿ ಹಚ್ಕೊಂಡ ಒಂದು ಎಮ್ಮಿ ಬಂದು ನಿಂತೈತಿ! ಆ ಹೊತ್ತು ಉಡಚಪ್ಪ ನನ್ನ ಅಕ್ಕಿ ಚೀಲದ ಹಿಂದ ಅಡಗಿ ಕುಂತಿದ್ದ.

ಹೋದ ವರ್ಷ ಸುದ್ದಿ ಬಂತು. ಶಿಕ್ಷಣ ಇಲಾಖೆ ಸಾಹೇಬ್ರು ಬಂದು ನೋಡಿ "ಕಂಪ್ಯೂಟರ್ ಖೋಲಿ ಛಲೋ ನಡದೈತಿ" ಅಂತ ಬರದು ಸಹಿ ಹಾಕಿದ್ರ ಉಡಚಪ್ಪನ ನೌಕರಿ ಕಾಯಂ. ಹಾಕದಿದ್ರ ಮನಿ ಹಾದಿ. ಹೆಡ್‌ಮಾಸ್ತರ್ ಅವನ್ನ ಕರದು, "ಒಂಬತ್ತರ ಹೊಟ್ಟಿ ಖಾಲಿ ಐತಿ ಅಂತ ಬಾಯಿ ಬಿಟ್ಟಿ ನೋಡು! ಒಂಬತ್ತೂ ಗಟ್ಟಿ ಅದಾವ, ಅಷ್ಟ" ಅಂತ ತಾಕೀತು ಮಾಡಿದ್ರು. ಅವ ನನ್ನ ಕಡೆ ಹಳೇ ಧೋತರದ ತುಂಡು ಇಸ್ಗೊಂಡು ಒಂಬತ್ತೂ ಸ್ಕ್ರೀನ್ ಒರಸಿದ.

ಸಾಹೇಬ್ರು ಬಂದ್ರು. ಸಾಲ್ಯಾಗಿನ ಗುಜರಿ ಒಯ್ಯಾಕ ಟೆಂಪೋನೂ ಹಿಂದ ಬಂತು. ಹುಡುಗೂರು ಕುಂತು ಪಟಪಟ ಕೆಲಸ ಮಾಡೂದು ನೋಡಿ "ಭೇಷ್!" ಅಂದು, "ಛಲೋ ನಡದೈತಿ" ಅಂತ ಬರದೂ ಬಿಟ್ರು. ಸಹಿ ಒಂದು ಬಾಕಿ. ಆಮ್ಯಾಲೆ ಅಕ್ಕಿ ನೋಡಾಕ ನನ್ನ ಖೋಲಿಗೆ ಬಂದು ಡಬ್ಬಿ ಕಂಡ್ರು.

"ಇದೇನು?"

"ಕಂಪ್ಯೂಟರ್ರಿ" ಅಂದ ಉಡಚಪ್ಪ.

"ಸ್ಕ್ರೀನ್ ಎಲ್ಲೈತಿ?"

"ಇಲ್ರಿ."

"ಸ್ಕ್ರೀನ್ ಇಲ್ಲದ್ದು ಎಂಥಾ ಕಂಪ್ಯೂಟರೋ? ಹಾಕ್ರಿ ಟೆಂಪೋದಾಗ."

ನಾ ಉಡಚಪ್ಪನ ಮಾರಿ ನೋಡಿದ್ನಿ, ಅವ ಹೆಡ್‌ಮಾಸ್ತರ ಮಾರಿ ನೋಡಿದ, ಹೆಡ್‌ಮಾಸ್ತರ್ ಮಾಳಗಿ ನೋಡಿದ್ರು. ಟೆಂಪೋದಾಂವ ವೈರ್ ಕಿತ್ತು ಡಬ್ಬಿ ಹೊತ್ಗೊಂಡು ನಡದ. ಅತ್ತ ಹುಡುಗೂರು "ಹೋ" ಅಂತ ಒದರಿದ್ವು. ಎಲ್ಲಾರೂ ಓಡಿ ಹೋಗಿ ನೋಡ್ತೀವಿ, ಎಂಟೂ ಸ್ಕ್ರೀನ್ ಕರ್ರಗ.

"ಕರೆಂಟ್ ಹೋತು" ಅಂದ್ರು ಸಾಹೇಬ್ರು. ತಲಿ ಮ್ಯಾಲೆ ಫ್ಯಾನ್ ಗರಗರ ತಿರಗತಿತ್ತು.

"ಹೌದ್ರಿ ಸಾಹೇಬ್ರ, ನಮ್ಮಲ್ಲೆ ಹಿಂಗ ಹೋಗ್ತಿರ್ತೈತ್ರಿ" ಅಂದು ಹೆಡ್‌ಮಾಸ್ತರ್ ಅದ ಫ್ಯಾನಿನ ಗಾಳ್ಯಾಗ ಬೆವರು ಒರಸ್ಕೊಂಡ್ರು.

ಸಾಹೇಬ್ರು ಸಹಿ ಹಾಕಾಕ ಪೆನ್ನು ತೆಗದ್ರು. ಉಡಚಪ್ಪ ಅಷ್ಟೊತ್ತು ತುಟಿ ಹೊಲಕೊಂಡಿದ್ರ ಕಾಯಂ ಆಗ್ತಿದ್ದ. ಸುಮ್ಮನಿರೋ ಮಾರಾಯ ಅಂತ ನಾ ಮನಸಿನ್ಯಾಗ ಕೈ ಮುಗದ್ನಿ. ಹೊರಗ ಟೆಂಪೋ ಚಾಲೂ ಆದ ಸಪ್ಪಳ ಬಂತು.

"ಸಾಹೇಬ್ರ, ಕರೆಂಟ್ ಐತ್ರಿ" ಅಂದ ಅವ. "ಟೆಂಪೋದಾಗ ಹೊಂಟೈತಲ್ರಿ, ಅದ ಇವುಗಳ ಜೀವ ಐತ್ರಿ."

ಎಲ್ಲಾ ಬಿಚ್ಚಿ ಹೇಳಿದ. ಸಾಹೇಬ್ರು ಸಿಟ್ಟಾಗಲಿಲ್ಲ, ಭಾಳ ಸಮಾಧಾನದಿಂದ ಕೇಳಿದ್ರು.

"ಅಂದ್ರ ಕೆಲಸ ಮಾಡೂದು ಅದೊಂದ?"

"ಹೌದ್ರಿ."

"ಈ ಒಂಬತ್ತೂ ಬರೇ ತೋರಸಾಕ?"

"ಹೌದ್ರಿ, ಆದ್ರ..."

"ಹಂಗಾದ್ರ ಗುಜರಿ ಇವ ಅಲ್ಲೇನು?"

ಡಬ್ಬಿ ಕೆಳಗಿಳೀತು, ಒಂಬತ್ತೂ ಟೆಂಪೋ ಏರಿದ್ವು. ಬರದಿದ್ದ ಸಾಲಿಗೆ ಸಾಹೇಬ್ರು ಗೆರಿ ಹೊಡದ್ರು. ನಾ ಮುಂದ ಬಂದು, "ಒಲಿ ಬಿಟ್ಟು ತಾಟೆಲ್ಲಾ ಒಯ್ದ್ರ ಹುಡುಗೂರು ಉಣ್ಣೂದು ಎದರಾಗ್ರಿ?" ಅಂತ ಅಂದ ಬಿಟ್ನಿ.

"ನೀವು ಅಡಿಗಿಯವ್ರಲ್ಲ? ಸಾರು ನೋಡ್ಕೋ ಹೋಗ್ರಿ" ಅಂದ್ರು. ಸಾರು ತಳ ಹಿಡದಿತ್ತು, ಅದೂ ಖರೇನ.

ಹದಿನೈದು ದಿನಕ್ಕ ಕಾಗದ ಬಂತು. ಸಾಲ್ಯಾಗ ಇರೂದು ಒಂದ ಕಂಪ್ಯೂಟರ್, ಒಂದಕ್ಕ ಒಬ್ಬ ಮನಿಷಾ ಬೇಕಾಗಿಲ್ಲ ಅಂತ. ಅದು ನನ್ನ ಖೋಲ್ಯಾಗ ಇರೂದಕ್ಕ ನನ್ನ ಸಾಮಾನಿನ ಪಟ್ಟ್ಯಾಗ ಸೇರಸಿದ್ರು: ಕುಕ್ಕರ್ ಎರಡು, ಸೌಟು ನಾಕು, ಕಂಪ್ಯೂಟರ್ ಒಂದು. ಡಬ್ಬಿಗರ ಪುಸ್ತಕದಾಗ ಜಾಗಾ ಸಿಕ್ತು.

ಹೋಗೂ ದಿನ ಉಡಚಪ್ಪ ಡಬ್ಬಿ ಬಂದ್ ಮಾಡಾಕ ಬಂದ. ಟೆಂಪೋದಿಂದ ಇಳದ ಮ್ಯಾಲೆ ವೈರ್ ಚುಚ್ಚಿ ಚಾಲೂ ಇಟ್ಟಾಂವ ಅವನ. ಗುಂಡಿ ಮಟ ಹೋದ ಬೆರಳು ವಾಪಸ್ ಬಂತು. "ಇರ್ಲಿ ಬಿಡ್ರಿ ಅಕ್ಕಾರ" ಅಂದು ಹೊಂಟ. ನನ್ನ ಕಣ್ಣಾಗ ನೀರು ಬಂದ್ವು, ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದಿಲ್ಲ.

ಈಗ ಕುಂದಗೋಳದಾಗ ಮೋಟರ್ ರಿಪೇರಿ ಮಾಡ್ತಾನ. ಕರೆಂಟ್ ಹೋಗಿ ಬಂದ್ರ ಡಬ್ಬಿ ತಾನ ಎದ್ದು, ಆ ಒಂಬತ್ತನ್ನ ಹುಡುಕೂಹಂಗ ಮಾಡಿಟ್ಟು ಹೋಗ್ಯಾನ. ದಿನಕ್ಕ ನಾಕು ಸಲ "ಕುಂಯ್" ಅಂತ ಏಳ್ತೈತಿ, ಹಸರ ದೀಪ ಹಚ್ಕೊಂಡು ಹುಡುಕ್ತೈತಿ. ಸೋಮಾರಕ್ಕೊಮ್ಮೆ ಅವನ ಫೋನ್ ಬರ್ತೈತಿ.

"ಅಕ್ಕಾರ, ಎದ್ದೈತೇನ್ರಿ?"

"ಎದ್ದೈತೋ ಮಾರಾಯ" ಅಂತೀನಿ.

ಹಬಿ ತಾಕಬಾರದಲ್ಲ, ಅದಕ್ಕ ಅಕ್ಕಿ ಖೋಲಿಯ ಒಲಿ ಕಡೀ ಬಾಗಲಾ ಹಾಕ್ಕೊಂಡ ಅಡಿಗಿ ಮಾಡ್ತೀನಿ ಈಗ.