ಮಾತ್ರೆಯಣ್ಣ ಆಡಿದ ಮಾತು

ಬಸ್ ನಿಲ್ದಾಣದ ಎದುರಿನ ಔಷಧದಂಗಡಿಯವರನ್ನು ಎಲ್ಲರೂ ಮಾತ್ರೆಯಣ್ಣ ಅಂತಲೇ ಕರೆಯುತ್ತಿದ್ದರು. ಡಾಕ್ಟರುಗಳು ಕಾಗೆಕಾಲು ಗುಬ್ಬಿಕಾಲು ಮಾಡಿ ಗೀಚಿದ ಚೀಟಿಯನ್ನು ಒಂದೇ ನೋಟಕ್ಕೆ ಓದಿ, ತಿರುಗಿಯೂ ನೋಡದೆ ಕೈಚಾಚಿ ಸರಿಯಾದ ಡಬ್ಬಿಯನ್ನೇ ಎಳೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ಓಡುತ್ತಿದ್ದಾಗ ಬಾಯಿಯೂ ಸುಮ್ಮನಿರುತ್ತಿರಲಿಲ್ಲ. ಮಂಡಿನೋವಿನವರಿಗೊಂದು ಹಾಸ್ಯ, ಹೊಟ್ಟೆ ಕೆಟ್ಟವರಿಗೊಂದು. ಬಂದವರನ್ನು ನಗಿಸಿ ಕಳಿಸಿದರೆ ಅರ್ಧ ಕಾಯಿಲೆ ಅಲ್ಲೇ ಹೋಯಿತು ಎಂದು ಅವರು ನಿಜವಾಗಿಯೂ ನಂಬಿದ್ದರು.

ಪಕ್ಕದ ಬೀದಿಯ ಹೊಲಿಗೆಯಕ್ಕ ತಿಂಗಳಿಗೊಮ್ಮೆ ಬರುತ್ತಿದ್ದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೊಡುತ್ತಿದ್ದಳು. ಅವಳು ತೆಗೆದುಕೊಳ್ಳುತ್ತಿದ್ದದ್ದು ಮನಸ್ಸಿನ ಕಾಯಿಲೆಯ ಮಾತ್ರೆ. ಒಂದು ದಿನ ಅವಳು ಬಂದಾಗ ಅಂಗಡಿ ತುಂಬಿತ್ತು. ಮಾತ್ರೆಯಣ್ಣ ಚೀಟಿ ಬಿಡಿಸಿ, ಗಟ್ಟಿಯಾಗಿಯೇ, "ಏನಕ್ಕ, ಮೇಲಿನ ಮಹಡಿ ರಿಪೇರಿ ಇನ್ನೂ ಮುಗೀಲಿಲ್ವಾ?" ಎಂದರು. ಎಲ್ಲರೂ ನಕ್ಕರು. ಹೊಲಿಗೆಯಕ್ಕನೂ ನಕ್ಕಳು. ಮಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಕಾಯಿಲೆ ವಾಸಿಯಾಗಿರಬೇಕು ಎಂದು ಮಾತ್ರೆಯಣ್ಣ ಅಂದುಕೊಂಡರು. ನಾಲ್ಕೈದು ತಿಂಗಳಾದ ಮೇಲೆ ಅವಳ ಹೊಲಿಗೆ ಅಂಗಡಿಯ ಬಾಗಿಲು ಮುಚ್ಚಿತು. ಅವಳು ಮಾತ್ರೆ, ಊಟ, ಮಾತು ಎಲ್ಲ ಬಿಟ್ಟು ಆಸ್ಪತ್ರೆ ಸೇರಿದ್ದಾಳೆ, ಮಗಳು ಜೊತೆಗಿದ್ದಾಳೆ ಎಂದು ಯಾರೋ ಹೇಳಿದರು. "ಅಯ್ಯೋ ಪಾಪ" ಅಂದು ಮಾತ್ರೆಯಣ್ಣ ಮುಂದಿನ ಚೀಟಿ ಕೈಗೆತ್ತಿಕೊಂಡರು.

ಆಮೇಲೆ ಎರಡು ವರ್ಷಕ್ಕೆ ಅವರಿಗೇ ಏನೋ ಆಗತೊಡಗಿತು. ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಮಗಳ ಮದುವೆಯಾಗಿತ್ತು, ಹೆಂಡತಿ ಗಟ್ಟಿಮುಟ್ಟಾಗಿದ್ದಳು, ವ್ಯಾಪಾರ ನಡೆಯುತ್ತಿತ್ತು. ಆದರೂ ಬೆಳಿಗ್ಗೆ ಅಂಗಡಿಯ ಷಟರ್ ಮುಂದೆ ನಿಂತರೆ ಅದನ್ನು ಎತ್ತುವ ಮನಸ್ಸೇ ಬರುತ್ತಿರಲಿಲ್ಲ. ಎದೆಯ ಮೇಲೆ ಯಾರೋ ಕೂತಂತೆ. ಬಾಯಿಗೆ ಇಟ್ಟದ್ದೆಲ್ಲ ಮಣ್ಣಿನಂತೆ. ಹಾಸ್ಯ ಎಲ್ಲಿ ಹೋಯಿತೋ ಅವರಿಗೂ ಗೊತ್ತಾಗಲಿಲ್ಲ. "ಯಾಕಣ್ಣ, ಮುಖ ಗಂಟಿಕ್ಕಿಕೊಂಡಿದ್ದೀರಾ?" ಎಂದು ಗಿರಾಕಿಗಳು ಕೇಳಿದರೆ, "ಗ್ಯಾಸ್ಟ್ರಿಕ್" ಅನ್ನುತ್ತಿದ್ದರು.

ಹೃದಯ ಇರಬಹುದೆಂದು ಇಸಿಜಿ ಮಾಡಿಸಿದರು. ಹೃದಯ ಚೆನ್ನಾಗಿತ್ತು. ಡಾಕ್ಟರು ಮೆಲ್ಲಗೆ, "ಒಂದ್ಸಲ ಮನೋವೈದ್ಯರನ್ನ ನೋಡಿ" ಎಂದಾಗ ಮಾತ್ರೆಯಣ್ಣನ ಕಿವಿ ಬಿಸಿಯಾಯಿತು. ಕೊಟ್ಟ ಚೀಟಿಯನ್ನು ದಾರಿಯಲ್ಲೇ ಹರಿದು ಹಾಕಿದರು. ಯಾರ ಮುಂದೆ ಹೋಗಿ ಕೂರುವುದು? ನಾಳೆ ಯಾರಾದರೂ ಅಂಗಡಿಯಲ್ಲಿ ನಿಂತು ತನ್ನ ಮಹಡಿಯ ಮಾತೆತ್ತಿದರೆ? ಬದಲಿಗೆ ತಮ್ಮದೇ ಅಂಗಡಿಯಿಂದ ನಿದ್ದೆ ಮಾತ್ರೆ ತೆಗೆದು ನುಂಗತೊಡಗಿದರು. ಬೇರೆಯವರು ಚೀಟಿಯಿಲ್ಲದೆ ಕೇಳಿದರೆ ಗದರಿಸಿ ಕಳಿಸುತ್ತಿದ್ದ ಮಾತ್ರೆ ಅದು.

ಒಂದು ಮಧ್ಯಾಹ್ನ ಅವರ ಕೈ ತಪ್ಪಿತು. ಮುದುಕರೊಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿ ಎರಡು ಪಟ್ಟು ಹೆಚ್ಚಿನ ಶಕ್ತಿಯದ್ದನ್ನು ಕೊಟ್ಟುಬಿಟ್ಟರು. ಮುದುಕರ ಸೊಸೆ ಮನೆಯಲ್ಲಿದ್ದ ಹಳೆಯ ಮಾತ್ರೆಗಳೊಂದಿಗೆ ಹೋಲಿಸಿ ನೋಡಿ ಓಡೋಡಿ ಬಂದಳು. ಅವಳು ಬೈಯಲಿಲ್ಲ. "ಇದು ಅದೇನಾ ಅಣ್ಣ? ಬಣ್ಣ ಬೇರೆ ಇದೆಯಲ್ಲ" ಎಂದು ಕೇಳಿದಳಷ್ಟೆ. ಬದಲಾಯಿಸಿ ಕೊಟ್ಟ ಮಾತ್ರೆಯಣ್ಣ ಕಪಾಟಿನ ಹಿಂದೆ ಹೋಗಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕುಸಿದು ಕೂತರು. ಊಟದ ಡಬ್ಬಿ ತಂದ ಹೆಂಡತಿಗೆ ಅವರು ಸಿಕ್ಕಿದ್ದು ಅಲ್ಲೇ, ಬಿಕ್ಕಿ ಬಿಕ್ಕಿ ಅಳುತ್ತ.

"ತಪ್ಪು ಮಾತ್ರೆ ಕೊಟ್ಟು ಒಬ್ಬರು ಮುದುಕರನ್ನ ಕೊಂದುಬಿಡ್ತಿದ್ದೆ ಕಣೇ."

"ಕೊಂದಿಲ್ಲ ತಾನೇ? ಏಳಿ. ನೀವು ಎಷ್ಟು ದಿನದಿಂದ ಹೀಗಿದ್ದೀರಿ ಅಂತ ನಂಗೂ ಗೊತ್ತು. ಕೇಳೋಕೆ ನಂಗೂ ಹೆದರಿಕೆ ಆಗ್ತಿತ್ತು." ಅವಳು ಕೈಹಿಡಿದು ಎಬ್ಬಿಸಿದಳು. "ಊರಿಗೆಲ್ಲ ಔಷಧ ಕೊಡ್ತೀರಿ, ನಿಮಗೊಬ್ಬ ಡಾಕ್ಟ್ರು ಬೇಡ್ವಾ?"

ಅವಳೇ ವಿಚಾರಿಸಿ, ಅವಳೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಗುರುತಿನವರು ಯಾರೂ ಇರಬಾರದೆಂದು ಮಾತ್ರೆಯಣ್ಣ ಊರ ಆ ಕಡೆಯ ಆಸ್ಪತ್ರೆಯೇ ಆಗಬೇಕೆಂದಿದ್ದರು. ಹೆಂಡತಿ ಹೆಸರು ಬರೆಸಲು ಕಿಟಕಿಯ ಹತ್ತಿರ ಹೋದಾಗ, ಎದುರಿನ ಬೆಂಚಿನಿಂದ ಧ್ವನಿ ಬಂತು: "ಅಣ್ಣ, ನೀವಾ? ಔಷಧ ತಲುಪಿಸೋಕೆ ಬಂದ್ರಾ?"

ಹೊಲಿಗೆಯಕ್ಕ. ಕೂದಲು ನೆರೆತಿತ್ತು, ಮೈ ಇಳಿದಿತ್ತು. ಕೇಳಿದ ರೀತಿಯಲ್ಲಿ ಕುಹಕವೇನೂ ಇರಲಿಲ್ಲ.

"ಹೂಂ ಅಕ್ಕ, ಔಷಧ ಕೊಡೋಕೆ" ಎಂದು ಮಾತ್ರೆಯಣ್ಣನ ಬಾಯಿ ತಾನಾಗಿಯೇ ಸುಳ್ಳು ಹೇಳಿತು.

ಹತ್ತು ನಿಮಿಷವೂ ಆಗಿರಲಿಲ್ಲ, ನರ್ಸ್ ಹೊರಗೆ ಬಂದು ಅವರ ಹೆಸರನ್ನೇ ಕೂಗಿದಳು. "ಮೊದಲನೇ ಸಲ ಬಂದಿರೋ ಪೇಷೆಂಟು, ಒಳಗೆ ಬನ್ನಿ." ಮಾತ್ರೆಯಣ್ಣ ಎದ್ದು ನಿಂತರು. ಹೊಲಿಗೆಯಕ್ಕ ತಟ್ಟನೆ ಕಣ್ಣು ತಗ್ಗಿಸಿ ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ತಾವು ಅವಳಿಗೆ ತೋರಿಸದೇ ಹೋದ ಮರ್ಯಾದೆಯನ್ನು ಅವಳು ತಮಗೆ ತೋರಿಸುತ್ತಿದ್ದಾಳೆ ಎಂದು ಬಾಗಿಲು ದಾಟುವಾಗ ಅವರಿಗೆ ಹೊಳೆಯಿತು.

ಡಾಕ್ಟರಮ್ಮ ನಿದ್ದೆ, ಊಟ, ಸಾಯಬೇಕೆಂಬ ಯೋಚನೆ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಮಾತ್ರೆಯಣ್ಣ ಎಲ್ಲಕ್ಕೂ ನಿಜವನ್ನೇ ಹೇಳಿ, ಕೊನೆಗೆ ಹೊಲಿಗೆಯಕ್ಕನ ಕಥೆಯನ್ನೂ ಹೇಳಿದರು. "ನನ್ನಿಂದಲೇ ಅವರು ಮಾತ್ರೆ ಬಿಟ್ಟಿದ್ದು. ನನಗೆ ಇದು ಆಗಬೇಕಾದ್ದೇ."

"ಬೇರೆಯವರ ವಿಷಯ ನಾನು ನಿಮ್ಮ ಹತ್ರ ಮಾತಾಡಲ್ಲ. ನಿಮ್ಮ ವಿಷಯ ಬೇರೆಯವರ ಹತ್ರಾನೂ ಮಾತಾಡಲ್ಲ" ಎಂದರು ಡಾಕ್ಟರಮ್ಮ. "ಆದ್ರೆ ಇದು ಶಿಕ್ಷೆ ಅಲ್ಲ, ಖಿನ್ನತೆ ಅನ್ನೋ ಕಾಯಿಲೆ. ಸಣ್ಣ ತಪ್ಪನ್ನೂ ಬೆಟ್ಟ ಮಾಡಿ ತೋರಿಸುತ್ತೆ. ಮೊದಲು ಅದಕ್ಕೆ ಔಷಧ ಮಾಡೋಣ. ಆಮೇಲೂ ತಪ್ಪು ಅಂತ ಉಳಿದಿದ್ರೆ, ಅದನ್ನ ಗಟ್ಟಿ ಮನಸ್ಸಿನಿಂದ ನೀವೇ ನೋಡ್ಕೊಳ್ಳಿ."

ಮೂರು ವಾರಕ್ಕೆ ನಿದ್ದೆ ಬಂತು. ಎರಡು ತಿಂಗಳಿಗೆ ಊಟದ ರುಚಿ ತಿಳಿಯಿತು. ವಾರಕ್ಕೊಮ್ಮೆ ಹೋಗಿ ಡಾಕ್ಟರಮ್ಮನ ಮುಂದೆ ಕೂತು ಮಾತಾಡಿ ಬರುತ್ತಿದ್ದರು. ಎದೆಯ ಮೇಲಿನ ಭಾರ ಇಳಿಯಿತು. ತಪ್ಪು ಮಾತ್ರ ಉಳಿಯಿತು, ಮೊದಲಿಗಿಂತ ಸ್ಪಷ್ಟವಾಗಿ.

ಹೊಲಿಗೆಯಕ್ಕ ಮತ್ತೆ ಅಂಗಡಿ ತೆರೆದು ಅರ್ಧ ದಿನ ಕೆಲಸ ಮಾಡುತ್ತಿದ್ದಳು. ಮಾತ್ರೆಯಣ್ಣ ಹೋಗಿ ಬಾಗಿಲಲ್ಲೇ ನಿಂತರು.

"ಅಕ್ಕ, ಅವತ್ತು ನಾನಾಡಿದ ಮಾತು..."

ಅವಳು ಹೊಲಿಗೆಯಂತ್ರ ನಿಲ್ಲಿಸಿದಳು. "ನೀವು ಒಂದು ಮಾತು ಅಂದ್ರಿ. ಮಾತ್ರೆ ಬಿಟ್ಟಿದ್ದು ನಾನೇ. ಆದ್ರೆ ಅಣ್ಣ, ಅವತ್ತು ಎಲ್ಲರ ಜೊತೆ ನಾನೂ ನಕ್ಕೆನಲ್ಲ, ಅದು ನಂಗೆ ಇವತ್ತಿಗೂ ಮರೆಯೋಕಾಗಿಲ್ಲ."

"ತಪ್ಪಾಯ್ತು. ಇನ್ನು ಮೇಲೆ ನಿಮ್ಮ ಔಷಧಾನ ನಾನೇ ಮನೆಗೆ ತಂದು ಕೊಡ್ತೀನಿ."

"ಬೇಡಣ್ಣ. ಬೇರೆ ಅಂಗಡಿ ಅಭ್ಯಾಸ ಆಗಿದೆ." ಬಟ್ಟೆ ತಿರುಗಿಸಿಕೊಳ್ಳುತ್ತ, "ನಿಮಗೆ ಈಗ ಹೇಗಿದೆ?" ಎಂದಳು.

"ಪರವಾಗಿಲ್ಲ ಅಕ್ಕ."

"ಹುಷಾರಾದೆ ಅಂತ ಅನ್ಸಿದ ಕೂಡಲೇ ಬಿಟ್ಟುಬಿಡಬೇಡಿ" ಎಂದು ಯಂತ್ರ ತುಳಿಯತೊಡಗಿದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಮನೆಗೆ ಬಂದು, ಆ ಮಹಡಿಯ ಮಾತನ್ನು ಇನ್ನು ಯಾರ್ಯಾರಿಗೆ ಅಂದಿದ್ದೆ ಎಂದು ನೆನಪು ಮಾಡಿಕೊಳ್ಳಲು ಕೂತರು. ಉದ್ದ ಕೂದಲಿನ ಒಬ್ಬ ಹುಡುಗ, ಒಬ್ಬರು ನಿವೃತ್ತ ಮೇಷ್ಟ್ರು, ಕೈಗೂಸನ್ನು ಎತ್ತಿಕೊಂಡು ಬರುತ್ತಿದ್ದ ಒಬ್ಬಳು ತಾಯಿ. ಮುಂದೆ ಮುಖಗಳು ಮಸುಕಾದವು. "ಸಾಕು ಬಿಡಿ" ಎಂದಳು ಹೆಂಡತಿ. "ನೆನಪಾಗದವರೇ ಜಾಸ್ತಿ ಕಣೇ" ಎಂದರು ಮಾತ್ರೆಯಣ್ಣ.