ಜೇಜು ದ್ವೀಪದಲ್ಲಿ ಹಡಗು ತಪ್ಪಿದ ದಿನ

ನನ್ನ ಗಂಡನ ಅಕ್ಕ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೂದಲು ಹಣ್ಣಾಗುವವರೆಗೆ ದುಡಿದ ಡಾಕ್ಟರು. ಕೆಲಸದಿಂದ ನಿವೃತ್ತಿಯಾದಾಗ ಅವರಿಗಿದ್ದದ್ದು ಒಂದೇ ಆಸೆ, ತಮ್ಮನ ಜೊತೆ ಒಮ್ಮೆ ಹಡಗಿನಲ್ಲಿ ಸುತ್ತಬೇಕು. ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಿಂದ ಅವರು, ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನಿಂದ ನಾವಿಬ್ಬರು ಹೊರಟೆವು. ಶಾಂಘೈನಲ್ಲಿ ಹಡಗು ಹತ್ತಿದ್ದಾಯಿತು. ಕೊರಿಯಾದ ಜೇಜು ದ್ವೀಪದಲ್ಲಿ ಒಂದು ಹಗಲು ಇಳಿದು, ಸಂಜೆಯೊಳಗೆ ಹಡಗಿಗೆ ಮರಳಿ, ಅಲ್ಲಿಂದ ಜಪಾನಿಗೆ ಹೋಗುವುದಿತ್ತು.

ಬಂದರಿನಿಂದ ಬಸ್ಸು ನಮ್ಮನ್ನು ಹಳೆಯ ಊರಿಗೆ ತಂದು ಬಿಟ್ಟಿತು. ಹಿಂದೆ ಆ ದ್ವೀಪವನ್ನು ಆಳುತ್ತಿದ್ದ ಅಧಿಕಾರಿಗಳ ಕಚೇರಿಯನ್ನು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹಸಿರು, ಕೆಂಪು ಬಳಿದ ಸೂರು, ಅಗಲವಾದ ಅಂಗಳ. ಬಾಗಿಲ ಬಳಿ ಕಪ್ಪು ಕಲ್ಲಿನಲ್ಲಿ ಕೆತ್ತಿದ ಅಜ್ಜಂದಿರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣರಳಿಸಿ ನಿಂತಿದ್ದರು. ಅಕ್ಕ ಅವರ ಪಕ್ಕ ಹಾಗೆಯೇ ಕೈಯಿಟ್ಟು ನಿಂತು, ತಮ್ಮನಿಗೆ "ಫೋಟೋ ಹೊಡಿಯೋ" ಅಂದರು.

ಇವರು ಫೋನ್ ಎತ್ತಿದರು. ಅದು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಬಗ್ಗಿ ಎಡಗೈಯಿಂದ ಎತ್ತಿಕೊಂಡು ಏನೋ ಹೇಳಿದರು. ಬಾಯಲ್ಲಿ ಅನ್ನ ತುಂಬಿಕೊಂಡು ಮಾತಾಡಿದ ಹಾಗಿತ್ತು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ನಾನು ನಕ್ಕೆ.

ಅಕ್ಕ ನಗಲಿಲ್ಲ. ಹತ್ತಿರ ಬಂದು, "ಸ್ವಲ್ಪ ನಗು ನೋಡೂಣು" ಅಂದರು. ಇವರು ನಕ್ಕರು. ಬಾಯಿಯ ಒಂದು ಪಕ್ಕ ಮಾತ್ರ ಮೇಲೆದ್ದಿತು.

"ಎರಡೂ ಕೈ ಮ್ಯಾಲ ಎತ್ತು."

ಬಲಗೈ ಮೇಲೆ ಬರಲಿಲ್ಲ.

ಟಿಕೆಟ್ ಕೊಡುವ ಹೆಂಗಸಿನ ಬಳಿ ಅಕ್ಕ ಓಡಿದರು. ಇಂಗ್ಲಿಷಿನಲ್ಲಿ ಸ್ಟ್ರೋಕ್ ಅಂದರು, ತಲೆ ಮುಟ್ಟಿ ತೋರಿಸಿದರು. ಬಿಸಿಲಿಗೆ ತಲೆ ಸುತ್ತಿದೆ ಅಂದುಕೊಂಡ ಆಕೆ ಪಾಪ, ಕುರ್ಚಿ ಮತ್ತು ನೀರಿನ ಬಾಟಲಿ ತಂದಳು. ನಾನು ಬಾಟಲಿಯ ಮುಚ್ಚಳ ತೆಗೆದೆ.

"ನೀರು ಕುಡಸಬ್ಯಾಡ," ಎಂದು ಅಕ್ಕ ನನ್ನ ಕೈ ಹಿಡಿದರು. "ನುಂಗಲಿಕ್ಕೆ ಆಗೂದಿಲ್ಲ ಅವಗ."

ಕೊನೆಗೆ, ಬಾಡಿಗೆಯ ಕೊರಿಯನ್ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ ಒಬ್ಬ ಹುಡುಗಿಗೆ ನಮ್ಮ ಪಾಡು ಅರ್ಥವಾಯಿತು. ಅವಳೇ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಆ ಅಗಲದ ಲಂಗವನ್ನು ಮುದುರಿಕೊಂಡು ಇವರ ಪಕ್ಕ ನೆಲದ ಮೇಲೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರು ತಮ್ಮ ಫೋನಿಗೆ ಕೊರಿಯನ್‌ನಲ್ಲಿ ಮಾತಾಡಿ ಪರದೆ ನಮ್ಮ ಕಡೆ ತಿರುಗಿಸುತ್ತಿದ್ದರು. ಶುರುವಾಗಿದ್ದು ಯಾವಾಗ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಎಲ್ಲದಕ್ಕೂ ಅಕ್ಕ ಉತ್ತರಿಸಿದರು. ತಾನೂ ಡಾಕ್ಟರು, ಸ್ಕ್ಯಾನ್ ನೋಡಬೇಕು ಅಂತಲೂ ಟೈಪ್ ಮಾಡಿ ತೋರಿಸಿದರು. ಆ ಡಾಕ್ಟರು ಓದಿ, ಗೌರವದಿಂದ ತಲೆ ಬಾಗಿಸಿ, ಹೊರಗಿನ ಬೆಂಚು ತೋರಿಸಿದರು. ಬಾಗಿಲು ಮುಚ್ಚಿತು. ಅಂಥ ಬಾಗಿಲುಗಳ ಒಳಗೇ ಜೀವಮಾನ ಕಳೆದಿದ್ದ ಅಕ್ಕ, ಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತರು.

"ಏನ್ ಮಾಡ್ತಿದಾರೆ ಅಕ್ಕ ಒಳಗೆ?"

"ಹೆಪ್ಪುಗಟ್ಟಿದ ರಕ್ತ ಕರಗಸೂ ಔಷಧ ಕೊಡ್ತಿರಬೇಕು."

"ಸರಿಹೋಗ್ತಾರಲ್ವಾ?"

ಅಕ್ಕ, "ನಿನಗ ಏನೂ ಗೊತ್ತಿಲ್ಲ, ದೇವರನ್ನ ಕೇಳಬಹುದು. ನನಗ ಏನೇನು ಆಗಬಹುದು ಅಂತ ಎಲ್ಲಾ ಗೊತ್ತದ" ಅಂದರು.

ಅಷ್ಟರಲ್ಲಿ, ಅಕ್ಕ ಫೋನ್ ಮಾಡಿ ತಿಳಿಸಿದ್ದರಿಂದ, ಹಡಗಿನ ಕಡೆಯಿಂದ ಒಬ್ಬರು ನಮ್ಮ ಪೆಟ್ಟಿಗೆಗಳನ್ನೂ ಪಾಸ್‌ಪೋರ್ಟುಗಳನ್ನೂ ತಂದರು. ಹಡಗು ಕಾಯುವ ಹಾಗಿಲ್ಲ ಎಂದು ಮತ್ತೆ ಮತ್ತೆ ಕ್ಷಮೆ ಕೇಳಿದರು. ಪೆಟ್ಟಿಗೆ ತುಂಬಿದ್ದು ಯಾರೋ ಏನೋ, ಇವರ ಒದ್ದೆ ಈಜುಚಡ್ಡಿಯನ್ನು ಬೇರೆ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಅದನ್ನು ನೋಡಿದಾಗ ನನಗೆ ಅಳು ಬಂತು.

ಆಸ್ಟಿನ್ನಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಚಿಕ್ಕಂದಿನಿಂದ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ನಾನೂ ಬರಲಾ, ಹೇಗೆ ಬರಲಿ, ಅಪ್ಪ ಮಾತಾಡ್ತಾರಾ ಎಂದು ಇಂಗ್ಲಿಷಿನಲ್ಲೇ ಒಂದರ ಮೇಲೊಂದು ಕೇಳಿದಳು. ಡಾಕ್ಟರು ಇನ್ನೂ ಹೊರಗೆ ಬಂದಿಲ್ಲ ಅಂದೆ. ಇಬ್ಬರೂ ಫೋನ್ ಇಡದೆ ಹಿಡಿದುಕೊಂಡೇ ಇದ್ದೆವು.

ಇವರು ಉಳಿದರು. ವಾರಗಳ ನಂತರ ವಿಮಾನದಲ್ಲಿ ಮಲಗಿಸಿಕೊಂಡು ಡಾಲಸ್‌ಗೆ ಕರೆತಂದೆವು. ಈಗ ಕೋಲು ಹಿಡಿದು ಮನೆ ಹತ್ತಿರದ ಕೆರೆಯವರೆಗೆ ನಡೆಯುತ್ತಾರೆ. ಮಾತು ಮಾತ್ರ ಪೂರ್ತಿ ಮರಳಿಲ್ಲ. ವರ್ಷಗಟ್ಟಲೆ ಆಫೀಸಿನಲ್ಲಿ ಆಡಿದ ಇಂಗ್ಲಿಷ್ ಹೋಗಿಬಿಟ್ಟಿದೆ. ಕನ್ನಡವೂ ತಡವರಿಸಿಕೊಂಡು ಬರುತ್ತದೆ.

ಪದ ಹೇಳಿಕೊಡಬೇಡಿ, ಅವರೇ ಹುಡುಕಲಿ ಎಂದು ಮಾತು ಕಲಿಸುವ ಥೆರಪಿಸ್ಟ್ ನನಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಇವರು ತಟ್ಟೆ ನೋಡಿ, "ಅದು... ಅದು ಕೊಡು" ಅಂದರು.

"ಯಾವುದು ರೀ?"

ಕಣ್ಣು ಮುಚ್ಚಿಕೊಂಡರು, ತುಟಿ ಅಲುಗಿತು, ಹಣೆ ಬೆವರಿತು. ಕೇಳುತ್ತಿರುವುದು ಉಪ್ಪಿನಕಾಯಿ ಅಂತ ನನಗೆ ಗೊತ್ತಿತ್ತು. ಜಾಡಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅನ್ನ ಆರುತ್ತಿತ್ತು. ನಾನು ಬಾಯಿ ಬಿಗಿಹಿಡಿದು ಕಾಯುತ್ತಾ ಕೂತೆ.