ಅವ್ವನ ಕೈ ನಿಂತ ಪುಟ

ನಮ್ಮ ವಾಡಿಯಲ್ಲಿ ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಒಮ್ಮೆ ಊದಬೇಕು. ಸಿಮೆಂಟಿನ ಊರು, ಏನು ಮಾಡುವುದು! ಮೊನ್ನೆ ಟ್ರಂಕಿನ ತಳದಿಂದ ಒಂದು ಕಾಗದದ ಕಟ್ಟು ತೆಗೆದು ಊದಿದೆ. ಧೂಳೆಲ್ಲ ನನ್ನ ಕನ್ನಡಕದ ಮೇಲೆಯೇ ಬಂದು ಕೂತಿತು. ಒರೆಸಿಕೊಂಡು ನೋಡಿದರೆ ಫಾದರ್ ರಾಯಪ್ಪನವರ ಕೈಬರಹ, ಅದರ ಮೇಲೆ ಉದ್ದಗಲಕ್ಕೂ ನನ್ನ ಕೆಂಪು ಶಾಯಿ.

ಕಟ್ಟು ಹುಡುಕಿದ್ದಕ್ಕೆ ಕಾರಣ ಪ್ರಕಾಶಕರ ಒಂದು ಪತ್ರ. ಫಾದರ್ ಕ್ಷಮೆಯ ಬಗ್ಗೆ ಬರೆದ ಪುಸ್ತಕವನ್ನು ಮತ್ತೆ ಅಚ್ಚು ಹಾಕುತ್ತಾರಂತೆ. ಹಿಂದೆ ಅದರ ಕರಡು ತಿದ್ದಿದವನು ನಾನೇ ಆದ್ದರಿಂದ ಈಗಲೂ ನಾನೇ ನೋಡಬೇಕಂತೆ, ಮುನ್ನುಡಿಯನ್ನೂ ಬರೆಯಬೇಕಂತೆ. ಕೊನೆಯಲ್ಲಿ ಒಂದು ಸಾಲು: ಐದನೆಯ ಅಧ್ಯಾಯವನ್ನು ಮಾತ್ರ ಮುಟ್ಟಬೇಡಿ, ಅವರ ಬರಹದಲ್ಲೆಲ್ಲ ಅದೇ ಶ್ರೇಷ್ಠ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಅಧ್ಯಾಯ ಬರೆದವನು ನಾನು.

ಫಾದರ್ ಮೈಸೂರು ಸೀಮೆಯವರು. ರೋಮಿನಲ್ಲಿ ದೇವಶಾಸ್ತ್ರ ಓದಿ, ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಸಣ್ಣ ಚರ್ಚಿಗೆ ಬಂದಿದ್ದರು. ಬಂದ ಎರಡೇ ವರ್ಷದಲ್ಲಿ ನಮ್ಮಂತೆಯೇ ಮಾತಾಡಲು ಕಲಿತರು. ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಬರೆದದ್ದನ್ನು ನನಗೆ ತೋರಿಸಲು ಬರುತ್ತಾರೆಂದು ನಾನು ಬೀಗುತ್ತಿದ್ದೆ. ಅವರು ಬರುತ್ತಿದ್ದದ್ದು ನಮ್ಮ ಅವ್ವನಿಗಾಗಿ.

ಅವ್ವ ಲಿಂಗಪೂಜೆ ಮುಗಿಸಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುವ ಹೊತ್ತಿಗೆ ಫಾದರ್ ಹಾಜರು. ಮಠದ ಸ್ವಾಮಿಗಳನ್ನು ಕರೆಯುವ ಹಾಗೆಯೇ ಅವ್ವ ಅವರನ್ನೂ 'ಅಪ್ಪೋರೆ' ಎನ್ನುತ್ತಿದ್ದಳು. ಅವರು ಓದುವರು, ಅವಳು ಕಲ್ಲು ಹೆಕ್ಕುವಳು. ಅವಳ ಕೈ ನಿಂತರೆ ಆ ಪುಟ ಉಳಿಯಿತು. ನಿಲ್ಲದಿದ್ದರೆ ಫಾದರ್ ಮಡಚಿ ಜೇಬಿಗೆ ಹಾಕಿಕೊಂಡು ಮತ್ತೆ ಬರೆಯಲು ಹೋದರು. ರೋಮಿನ ಪಾಂಡಿತ್ಯಕ್ಕೆ ಹೆಬ್ಬೆಟ್ಟಿನವಳ ಪರೀಕ್ಷೆ! ನಾನು ಒಳಗೊಳಗೇ ನಗುತ್ತಿದ್ದೆ.

ಐದನೆಯ ಅಧ್ಯಾಯವನ್ನು ಓದಿದ ದಿನ ಚೆನ್ನಾಗಿ ನೆನಪಿದೆ. ಜಗಳಾಡಿ ಮನೆ ಬಿಟ್ಟುಹೋದ ಮಗ. ದಿನಾಲೂ ವಾಡಿ ಸ್ಟೇಶನ್ನಿಗೆ ಹೋಗಿ, ಚಹಾದ ಕಪ್ಪು ಹಿಡಿದು ನಿಲ್ಲುವ ತಂದೆ. "ಮಗ ಯಾವ ಗಾಡಿಗೆ ಬರ್ತಾನೋ ತಂದೀಗಿ ಗೊತ್ತಿಲ್ಲ. ಅದಕ್ಕ ಎಲ್ಲಾ ಗಾಡೀಗೂ ಹೋಗಿ ನಿಂದರ್ತಾನ." ದೇವರೆಂದರೆ ಅವರಿಗೆ ಇಷ್ಟೇ. ಅವ್ವನ ಕೈ ನಿಂತಿತು. ಮೊರ ಕೆಳಗಿಟ್ಟು ಕೇಳಿದಳು:

"ಅಪ್ಪೋರೆ, ಆ ಮಗ ಬಂದನೇನ್ರಿ?"

"ಗೊತ್ತಿಲ್ಲವ್ವಾ. ತಂದಿ ಮಾತ್ರ ನಾಳಿಗೂ ಹೋಗ್ತಾನ."

ಮುಂದೆ ಅವರನ್ನು ಧರ್ಮಾಧ್ಯಕ್ಷರನ್ನಾಗಿ, ಅಂದರೆ ಬಿಷಪ್ಪರನ್ನಾಗಿ, ಆರಿಸಿದರು. ಊರು ಬಿಡುವ ಗಡಿಬಿಡಿಯಲ್ಲಿ ಇಡೀ ಕಟ್ಟನ್ನು ನನ್ನ ಕೈಗಿಟ್ಟು, ಅಚ್ಚಿನ ಕೆಲಸ ನೋಡಿಕೊಳ್ಳಿ ಎಂದು ಹೋದರು. ನನಗೋ ಒಂದೇ ಚಿಂತೆ: ಬಿಷಪ್ಪರು ಬರೆದ ಪುಸ್ತಕ, ಪಂಡಿತರು ಓದುವಂಥದ್ದು, ಅದರಲ್ಲಿ ಸ್ಟೇಶನ್ನು, ಗಾಡಿ, ಚಹಾದ ಕಪ್ಪು! ತಂದೆಯನ್ನು ಪ್ಲಾಟ್‌ಫಾರ್ಮಿನಿಂದ ಎಬ್ಬಿಸಿ ಕಳಿಸಿದೆ. ಆ ಜಾಗದಲ್ಲಿ 'ಅನಂತ ಕರುಣಾಸಾಗರನ ನಿರುಪಾಧಿಕ ಕ್ಷಮಾಶೀಲತೆ'ಯನ್ನು ಹದಿನಾಲ್ಕು ಪುಟ ಹರಿಸಿದೆ. ಶಹಾಬಾದಿನ ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ಪ್ರೊಫೆಸರರೊಬ್ಬರು ಅದನ್ನೇ ಎತ್ತಿ ಓದಿ ಹೊಗಳಿದರು. ಮೂರನೆಯ ಸಾಲಿನಲ್ಲಿ ಕೂತ ನಾನು ಪೂರಿಯ ಹಾಗೆ ಉಬ್ಬಿದೆ.

ಮರುದಿನ ಬಿಷಪ್ಪರು ನಮ್ಮ ಮನೆಗೆ ಬಂದರು. ಅವ್ವ, ಮೊರ, ತೊಗರಿ ಎಲ್ಲ ಇದ್ದ ಹಾಗೇ ಇದ್ದವು. ಅದೇ ಅಧ್ಯಾಯ ತೆರೆದು ಓದತೊಡಗಿದರು. ಒಂದು ಪುಟ, ಎರಡು ಪುಟ. ಅವ್ವನ ಕೈ ನಿಲ್ಲಲೇ ಇಲ್ಲ. ನಾನು ಗೋಡೆ ನೋಡುತ್ತಿದ್ದೆ. ಅವರು ಪುಸ್ತಕ ಮುಚ್ಚಿದರು, ಸಿಟ್ಟಾಗಲಿಲ್ಲ.

"ಮಾಸ್ತರ್ರೆ, ನಿಮ್ಮ ಕನ್ನಡ ಭಾಳ ಛಂದದರಿ. ಮುಂದ ಎಂದಾದ್ರೂ ಮತ್ತ ಅಚ್ಚಾದ್ರ ನೀವೇ ನೋಡ್ಕೋರಿ."

ತಪ್ಪಾಯಿತು ಎನ್ನಲು ನನಗೆ ಆಗ ಬಾಯಿ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಅವ್ವ ತೀರಿಕೊಂಡಳು, ಅವರೂ ತೀರಿಕೊಂಡರು. ಆ ಹದಿನಾಲ್ಕು ಪುಟಗಳ ಹೊಗಳಿಕೆ ಮಾತ್ರ ಅವರ ಹೆಸರಿನಲ್ಲಿ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಸುಳ್ಳೇಕೆ ಹೇಳಲಿ, ಅದು ಹಿತವಾಗಿಯೇ ಇತ್ತು.

ಈಗ ಅದನ್ನು ಬಿಟ್ಟುಕೊಡಬೇಕಿತ್ತು. ಕೆಂಪು ಶಾಯಿಯ ಕೆಳಗಿನ ಅವರ ಮಾತುಗಳನ್ನು ಬಿಳಿ ಹಾಳೆಗೆ ಇಳಿಸಿದೆ. ಮುನ್ನುಡಿಯನ್ನೂ ಬರೆದು ಹೆಂಡತಿಯ ಎದುರು ಕೂತೆ. ಅವ್ವನ ಮೊರ ಈಗ ಅವಳದು. ಸ್ಟೇಶನ್ನಿನ ತಂದೆಯ ಭಾಗ ಓದಿದಾಗ ಅವಳ ಕೈ ನಿಂತಿತು. ಖುಷಿಯಾಗಿ ನನ್ನ ಮುನ್ನುಡಿ ಶುರು ಮಾಡಿದೆ. ಕೈ ಮತ್ತೆ ಓಡತೊಡಗಿತು. ನಾಲ್ಕು ಪುಟ ಪಶ್ಚಾತ್ತಾಪ, ಒಂದು ಕಡೆಯೂ ನಿಲ್ಲಲಿಲ್ಲ.

"ಇಷ್ಟ್ಯಾಕ ಸುತ್ತಾಕತ್ತೀರಿ? ತಪ್ಪು ಮಾಡೀನಂತ ಸೀದಾ ಹೇಳ್ರಲ್ಲ," ಎಂದಳು.

ನಾಲ್ಕೂ ಪುಟ ಹರಿದೆ. ಅಲ್ಲೇ ಕೂತು ಬರೆದು ಓದಿದೆ: 'ಹಿಂದಿನ ಮುದ್ರಣದ ಐದನೆಯ ಅಧ್ಯಾಯ ಫಾದರ್ ಬರೆದದ್ದಲ್ಲ, ನಾನು ಕೆಡಿಸಿದ್ದು. ಇದು ಅವರದು. ತಪ್ಪಾಯಿತು.'

ಅವಳ ಕೈ ನಿಂತಿತು. ನನ್ನ ಮುಖ ನೋಡಿ, "ಬಂದ್ರಿ ಬಿಡ್ರಿ, ತಡಾ ಆದ್ರೂ," ಎಂದಳು.

ಲಕೋಟೆ ಅಂಟಿಸಿ, ಚಪ್ಪಲಿ ಮೆಟ್ಟಿ, ಟಪಾಲು ಹಾಕಲು ನಾನು ಸ್ಟೇಶನ್ನಿನ ಕಡೆಗೇ ಹೊರಟೆ.